ಮಾದರಿ ಬಾಟಲಿ

ಸೋಮವಾರ ಬೆಳಗ್ಗೆ ಏಳೂ ಮುಕ್ಕಾಲಿಗೆ ದರ್ಜಿ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದ. ಷಟರ್ ಅರ್ಧಕ್ಕೆ ಎತ್ತಿದ್ದ. ಪಕ್ಕದ ಬೀಗ ರಿಪೇರಿಯವನು ಓಡಿ ಬರುವಷ್ಟರಲ್ಲಿ ವಾಂತಿ ಮಾಡಿಕೊಂಡು, ಗೋಡೆಗೆ ಒರಗಿ, "ಏನಿಲ್ಲ ಮಾರಾಯ, ತಲೆ ತಿರುಗ್ತು ಅಷ್ಟೆ" ಅಂದ. ಎಂಟೂವರೆಗೆ ಅವನು ಸರ್ಕಾರಿ ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿದ್ದ. ನಾಡಿ ನಿಮಿಷಕ್ಕೆ ಮೂವತ್ತೆಂಟು.

ಸುದ್ದಿ ಮುಟ್ಟಿದಾಗ ಅವನ ತಂಗಿ ಇನ್ನೂ ಪ್ರಯೋಗಾಲಯದ ಗೇಟು ದಾಟಿರಲಿಲ್ಲ. ಗಿಡಮೂಲಿಕೆಗಳನ್ನು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವಳು ಎಲೆಯಕ್ಕ. ಮೂಟೆಯಲ್ಲಿ ಬಂದ ಎಲೆ, ತೊಗಟೆ, ಬೇರು ಯಾವ ಗಿಡದ್ದೆಂದು ಹೇಳುವುದು ಅವಳ ಕೆಲಸ. ಮೂಟೆಯ ಮೇಲೆ ಏನು ಬರೆದಿದೆ ಎಂಬುದನ್ನು ಅವಳು ಕೊನೆಗೆ ಓದುತ್ತಿದ್ದಳು. ಹೆಸರು ಮೊದಲೇ ಕಣ್ಣಿಗೆ ಬಿದ್ದರೆ ಎಲೆಯೂ ಹಾಗೇ ಕಾಣತೊಡಗುತ್ತದೆ ಎಂಬುದು ಅವಳ ವಾದ.

ಕಳೆದ ಕೆಲವು ತಿಂಗಳಿಂದ ಅಲ್ಲಿ ನಡೆಯುತ್ತಿದ್ದುದು ಪಲಾವ್ ಎಲೆಯ ಸಂಶೋಧನೆ. ಬೇ ಎಲೆ ಎಂದೂ ಕರೆಯುವ ಅದನ್ನು ಪುಡಿ ಮಾಡಿ, ಕ್ಯಾಪ್ಸೂಲಿಗೆ ತುಂಬಿ, ಸಕ್ಕರೆ ಕಾಯಿಲೆಯ ನಲವತ್ತು ಜನರಿಗೆ ಕೊಟ್ಟು, ರಕ್ತದ ಸಕ್ಕರೆ ಇಳಿಯುತ್ತದೆಯೇ ಎಂದು ನೋಡುತ್ತಿದ್ದರು. ಇಂಥ ಕೆಲಸದಲ್ಲಿ ಮೊದಲ ತೊಡಕು ಎಲೆಯನ್ನು ಗುರುತಿಸುವುದೇ. ಒಂದೇ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಬೇರೆ ಬೇರೆ ಗಿಡಗಳ ಎಲೆ ಸಿಗುತ್ತದೆ. ಒಂದು ಜಾತಿಯಲ್ಲಿ ತೊಟ್ಟಿನ ಹತ್ತಿರದಿಂದಲೇ ಮೂರು ನರಗಳು ತುದಿಯವರೆಗೆ ಓಡುತ್ತವೆ. ಮುರಿದರೆ ದಾಲ್ಚಿನ್ನಿಯ ವಾಸನೆ. ಇನ್ನೊಂದರಲ್ಲಿ ನಡುವೆ ಒಂದೇ ದಪ್ಪ ನರ, ಅದರಿಂದ ಆಚೀಚೆ ಕವಲು, ಅಂಚಿನಲ್ಲಿ ಸಣ್ಣ ಅಲೆ. ಮುರಿದರೆ ಕರ್ಪೂರಕ್ಕೆ ಹತ್ತಿರದ ಘಾಟು. ಸಂಶೋಧನೆಗೆ ಬೇಕಾಗಿದ್ದದ್ದು ಎರಡನೆಯದು. ನಲವತ್ತು ಜನರಲ್ಲಿ ಒಬ್ಬನಾಗಿ ಅಣ್ಣನನ್ನು ಸೇರಿಸಿದವಳೂ ಅವಳೇ.

"ಊಟ ಮಾಡೋವಾಗ ತಟ್ಟೆಯಿಂದ ಆಚೆ ಎತ್ತಿಡೋ ಎಲೆ ಅದು. ಅದನ್ನ ನುಂಗು ಅಂತೀಯಲ್ಲೇ" ಎಂದು ಅಣ್ಣ ನಕ್ಕಿದ್ದ.

"ಸುಮ್ನೆ ನುಂಗು. ನಾನು ನೋಡಿ ಪಾಸು ಮಾಡಿರೋ ಎಲೆ."

"ಹಾಗಾದ್ರೆ ವಿಷ ಕೊಟ್ಟರೂ ಸರಿ ಬಿಡು" ಅಂದಿದ್ದ. ಮನೆಮಂದಿಯೆಲ್ಲ ನಕ್ಕಿದ್ದರು.

ವಾರ್ಡಿನಲ್ಲಿ ಅತ್ತಿಗೆ ಮಂಚದ ಕಾಲಿನ ಬಳಿ ನಿಂತಿದ್ದಳು. ಅವಳ ಕೈಯಲ್ಲಿ ಅಣ್ಣನ ಚಪ್ಪಲಿಯಿತ್ತು, ಒಂದೇ ಕಾಲಿನದು. ಇನ್ನೊಂದು ಅಂಗಡಿಯ ಮೆಟ್ಟಿಲ ಹತ್ತಿರ ಉಳಿದಿರಬೇಕು.

"ಮೂರು ದಿನದಿಂದ ಊಟ ಸೇರ್ತಿರಲಿಲ್ಲ" ಎಂದು ಅತ್ತಿಗೆ ಶುರು ಮಾಡಿದಳು. "ಹೊಟ್ಟೆ ತೊಳಸತ್ತೆ ಅಂತಿದ್ರು. ಗ್ಯಾಸು ಅಂದ್ಕೊಂಡೆ. ನಿನ್ನೆ ಬಿಳೀ ಶರ್ಟಿನ ಬಟ್ಟೆ ಹಿಡ್ಕೊಂಡು ಇದು ಹಳದಿ, ಗಿರಾಕಿ ಬಿಳಿ ಕೊಟ್ಟಿದ್ನಲ್ಲ, ಬದಲಾಗಿದೆ ಅಂತ ಒಂದೇ ಜಗಳ. ಕಣ್ಣಿಗೆ ಕನ್ನಡಕ ಬೇಕು ನಿಮಗೆ, ವಯಸ್ಸಾಯ್ತು ಅಂತ ರೇಗಿಸಿದೆ."

ವಾರ್ಡಿನ ಡಾಕ್ಟರ್ ಮೂವತ್ತು ದಾಟದ ಹೆಂಗಸು. ಇ.ಸಿ.ಜಿ. ಕಾಗದ ಹಿಡಿದು ಓಡಾಡುತ್ತಿದ್ದವಳು 'ಹಳದಿ' ಎಂಬ ಮಾತು ಕಿವಿಗೆ ಬೀಳುತ್ತಲೇ ನಿಂತಳು.

"ಹಳದಿ ಅಂದ್ರಾ? ಎಲ್ಲಾ ಹಳದಿ ಕಾಣಿಸ್ತಿತ್ತಾ?"

"ಹೌದು ಡಾಕ್ಟ್ರೇ. ಗೋಡೆ ಕೂಡ."

"ಹೃದಯಕ್ಕೆ ಅಂತ ಮಾತ್ರೆ ಏನಾದರೂ ತಗೋತಿದ್ರಾ?"

"ಸಕ್ಕರೆ ಮಾತ್ರೆ ಬಿಟ್ರೆ ಇವಳು ಕೊಟ್ಟ ಕ್ಯಾಪ್ಸೂಲು ಅಷ್ಟೆ." ಅತ್ತಿಗೆ ನಾದಿನಿಯ ಕಡೆ ತೋರಿಸಿದಳು. ಆಪಾದನೆಯೇನೂ ಇರಲಿಲ್ಲ ಆ ದನಿಯಲ್ಲಿ. ಇನ್ನೂ ಇರಲಿಲ್ಲ.

ಡಾಕ್ಟರ್ ಎಲೆಯಕ್ಕನನ್ನು ಕಾರಿಡಾರಿಗೆ ಕರೆದಳು. ಸುತ್ತು ಬಳಸಿನ ಮಾತು ಅವಳದಲ್ಲ. ಈ ಹೃದಯ ಕಾಯಿಲೆಯಿಂದ ನಿಧಾನವಾಗಿರಬಹುದು, ವಿಷದಿಂದಲೂ ಆಗಿರಬಹುದು. ಕೆಲವು ಗಿಡಗಳಲ್ಲಿ ಹೃದಯವನ್ನೇ ಹಿಡಿಯುವ ವಿಷವಿದೆ. ಹೊಟ್ಟೆ ತೊಳಸುವುದು, ಹಳದಿ ಕಾಣುವುದು, ನಾಡಿ ಇಳಿಯುವುದು, ಮೂರೂ ಅದರ ಲಕ್ಷಣ. ಅದನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ ಈ ಆಸ್ಪತ್ರೆಯಲ್ಲಿಲ್ಲ.

"ಅದಕ್ಕೆ ಪ್ರತಿವಿಷ ಇದೆ" ಅಂದಳು. "ನಮ್ಮ ಹತ್ರ ಇಲ್ಲ. ದೊಡ್ಡಾಸ್ಪತ್ರೆಯಲ್ಲಿ ಒಬ್ಬರಿಗೆ ಆಗೋವಷ್ಟು ಇಟ್ಟಿರ್ತಾರೆ. ಅಲ್ಲಿಂದ ಇಲ್ಲಿಗೆ ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಬರೀ ಗುಮಾನಿ ಅಂದ್ರೆ ಕೊಡಲ್ಲ ಅವರು. ಆ ಕ್ಯಾಪ್ಸೂಲಲ್ಲಿ ಇಂಥ ಗಿಡ ಇದೆ ಅಂತ ನೀವು ಹೇಳಿದ್ರೆ ಈ ಕ್ಷಣ ಹೊರಡಿಸ್ತೀನಿ."

"ಅದರಲ್ಲಿರೋದು ಬೇ ಎಲೆ ಡಾಕ್ಟ್ರೇ. ನಾನೇ ನೋಡಿದ್ದೀನಿ."

"ಇನ್ನೊಂದು ಸಲ ನೋಡಿ. ನಿಮ್ಮಣ್ಣ ಅಂತ ಅಲ್ಲ. ಯಾರೋ ಏನೋ ಅಂದ್ಕೊಂಡು ನೋಡಿ."

ಅತ್ತಿಗೆಯ ಕೈಚೀಲದಲ್ಲೇ ಕ್ಯಾಪ್ಸೂಲಿನ ಡಬ್ಬಿ ಇತ್ತು. ಎಲೆಯಕ್ಕ ಅದನ್ನು ಹಿಡಿದು ಆಟೋ ಹತ್ತಿದಳು.

ಪ್ರಯೋಗಾಲಯದಲ್ಲಿ ಅವಳ ಮೇಜು ಕಿಟಕಿಯ ಪಕ್ಕ. ಅದರ ಹಿಂದೆ ಗೋಡೆಯುದ್ದಕ್ಕೂ ಗಾಜಿನ ಬಾಟಲಿಗಳು. ಇವು ಮಾದರಿ ಬಾಟಲಿಗಳು; ಪ್ರತಿಯೊಂದರಲ್ಲಿ ಒಂದೊಂದು ಗಿಡದ ಅಸಲಿ ಎಲೆ, ತೊಗಟೆ, ಬೇರು. ಹೊರಗಿನಿಂದ ಬಂದದ್ದನ್ನು ಇವುಗಳ ಪಕ್ಕದಲ್ಲಿಟ್ಟು ನೋಡುವುದು, ತಾಳೆಯಾದರೆ ಪಾಸು, ಇಲ್ಲವಾದರೆ ವಾಪಸು. ಬೇ ಎಲೆಯ ಬಾಟಲಿಯನ್ನು ಮೊದಲು ತುಂಬಿದ್ದು ಸಸ್ಯೋದ್ಯಾನದ ಒಂದು ಮರದಿಂದ. ರಸ್ತೆ ಅಗಲ ಮಾಡುವಾಗ ಆ ಮರ ಹೋಯಿತು. ಅಲ್ಲಿಂದ ಮುಂದೆ ಬಾಟಲಿ ಇಳಿದಾಗಲೆಲ್ಲ, ಪಾಸಾದ ಹೊಸ ಮೂಟೆಯಿಂದ ಎರಡು ಹಿಡಿ ತೆಗೆದು ತುಂಬುವುದು ರೂಢಿಯಾಯಿತು. ವರ್ಷಕ್ಕೊಮ್ಮೆ ತಪಾಸಣೆಗೆ ಬರುವವರು ಮೊದಲು ನೋಡುತ್ತಿದ್ದದ್ದು ಬಾಟಲಿಗಳು ತುಂಬಿವೆಯೇ ಎಂಬುದನ್ನು. ಅರ್ಧಕ್ಕಿಂತ ಕೆಳಗಿಳಿದರೆ ದೊಡ್ಡ ಸರ್, ಅಂದರೆ ನಿರ್ದೇಶಕರು, ಮುಖ ಗಂಟು ಹಾಕುತ್ತಿದ್ದರು.

ಎಲೆಯಕ್ಕ ಒಂದು ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ಕಾಗದದ ಮೇಲೆ ಸುರಿದಳು. ಮೂಸಿದಳು. ಬೇ ಎಲೆಯ ಘಾಟು ಮೂಗಿಗೆ ಹೊಡೆಯಿತು. ಆದರೆ ಈ ಎಲೆಯ ವಾಸನೆ ಪಕ್ಕದಲ್ಲಿದ್ದದ್ದನ್ನೆಲ್ಲ ಮುಚ್ಚಿ ಹಾಕುತ್ತದೆ. ಚಿಟಿಕೆ ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ದ್ರಾವಣ ಬಿಟ್ಟು, ಪುಡಿ ತಿಳಿಯಾಗುವವರೆಗೆ ಬೆಚ್ಚಗೆ ಮಾಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಎಣ್ಣೆಯ ಕೋಶಗಳು ಕಂಡವು, ದುಂಡಗೆ, ಹೊಳೆಯುತ್ತ. ಅದು ಬೇ ಎಲೆಯ ಗುರುತು. ಪಟ್ಟಿಯನ್ನು ಸರಿಸಿದಳು. ಒಂದು ಚೂರಿನಲ್ಲಿ ಗುಂಡಿಗಳಿದ್ದವು, ಗುಂಡಿಯೊಳಗಿಂದ ಸಣ್ಣ ರೋಮಗಳು ಹೊರಗೆ ಇಣುಕುತ್ತಿದ್ದವು. ಇನ್ನಷ್ಟು ಸರಿಸಿದಳು. ಇನ್ನೊಂದು ಚೂರು, ಮತ್ತೆ ಗುಂಡಿಗಳು.

ಬೇ ಎಲೆಯಲ್ಲಿ ಇಂಥ ಗುಂಡಿ ನೋಡಿದ ನೆನಪು ಅವಳಿಗಿರಲಿಲ್ಲ.

ಎದ್ದು ಹೋಗಿ ಬೇ ಎಲೆಯ ಮಾದರಿ ಬಾಟಲಿ ತಂದಳು. ಮೇಲಿಂದ ಒಂದಿಷ್ಟು ಚೂರು ತೆಗೆದು, ಅರೆದು, ಎರಡನೇ ಪಟ್ಟಿ ಮಾಡಿದಳು. ಕಣ್ಣಿಟ್ಟಳು. ಎಣ್ಣೆಯ ಕೋಶ ಇತ್ತು. ಗುಂಡಿಯೂ ಇತ್ತು, ರೋಮವೂ ಇತ್ತು.

ಅವಳು ಬಿಟ್ಟ ನಿಟ್ಟುಸಿರು ಆಚೆ ಮೇಜಿನವರೆಗೂ ಕೇಳಿಸಿತು. ಬಾಟಲಿಯಲ್ಲೂ ಇದೆ ಎಂದರೆ ಇದು ಈ ಎಲೆಯದೇ ಗುಣ. ಮರ ಬಿಸಿಲು ನೆಲದ್ದಿರಬಹುದು, ಎಲೆ ಬಲಿತದ್ದಿರಬಹುದು. ತಾನು ಇಷ್ಟು ದಿನ ಗಮನಿಸಿರಲಿಲ್ಲ ಅಷ್ಟೆ. ಮೂಟೆಯ ಮೇಲಿನ ಹೆಸರನ್ನು ನಂಬದವಳು ಬಾಟಲಿಯ ಮೇಲಿನ ಹೆಸರನ್ನು ನಂಬಿದಳು. ಹತ್ತೂ ಮೂವತ್ತೈದಕ್ಕೆ ಆಸ್ಪತ್ರೆಗೆ ಫೋನ್ ಮಾಡಿದಳು.

"ಬೇ ಎಲೆಯೇ ಡಾಕ್ಟ್ರೇ. ನಮ್ಮ ಮಾದರಿಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

"ಖಂಡಿತಾನಾ?"

"ಖಂಡಿತ."

"ಸರಿ ಹಾಗಾದ್ರೆ. ಹೃದಯದ ಕಾಯಿಲೆ ಅಂತಲೇ ನೋಡ್ತೀನಿ" ಎಂದು ಡಾಕ್ಟರ್ ಫೋನ್ ಇಟ್ಟಳು.

ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ರಸಾಯನ ವಿಭಾಗದವನು ಬಂದ. ಎಲ್ಲರೂ ಅವನನ್ನು ಆಸಿಡ್ ಅಂತಲೇ ಕರೆಯುವುದು. ಅವನ ನಾಲಿಗೆಗೂ ಆ ಹೆಸರು ಒಪ್ಪುತ್ತದೆ. ಎಂದಿನಂತೆ ಬಾಗಿಲಲ್ಲೇ ಏನಾದರೂ ಚುಚ್ಚುಮಾತು ಆಡುವವನು ಈ ಸಲ ನೇರ ಮೇಜಿನ ಹತ್ತಿರ ಬಂದು ನಿಂತ.

"ಅಕ್ಕಾ, ಹಾಡಿನ ಟೀಚರ್ ಗೊತ್ತಲ್ಲ? ನಮ್ಮ ನಲವತ್ತರಲ್ಲಿ ಒಬ್ಬರು."

"ಗೊತ್ತು. ಏನಾಯ್ತು?"

"ನಿಮ್ಮಣ್ಣ ಇರೋ ಆಸ್ಪತ್ರೇಲೇ ಇದ್ದಾರೆ. ವಾಂತಿ. ನಾಡಿ ನಲವತ್ತೆರಡು. ಮಗಳು ಫೋನ್ ಮಾಡಿದ್ಲು, ಕ್ಯಾಪ್ಸೂಲ್ ಮುಂದುವರಿಸೋದಾ ಬೇಡ್ವಾ ಅಂತ ಕೇಳೋಕೆ." ಅವನು ತುಟಿ ಒರೆಸಿಕೊಂಡ. "ನಿಮ್ಮಣ್ಣನಿಗೂ ಹೀಗೇ ಅಲ್ವಾ? ಇಬ್ಬರಿಗೂ ಒಂದೇ ದಿನ ಹೃದಯ ಕೈ ಕೊಡತ್ತಾ? ನಾನಂತೂ ಎಲ್ಲರಿಗೂ ನಿಲ್ಲಿಸಿ ಅಂತ ಫೋನ್ ಮಾಡೋಕೆ ಶುರು ಮಾಡಿದ್ದೀನಿ. ದೊಡ್ಡ ಸರ್‌ನ ಕೇಳಿಲ್ಲ. ಬೈದ್ರೆ ಬೈಸ್ಕೋತೀನಿ."

"ನಾನು ಬೆಳಗ್ಗೆ ನೋಡ್ದೆ. ಬಾಟಲಿಗೆ ತಾಳೆಯಾಗತ್ತೆ."

"ಇಬ್ಬರದೂ ಕಡೇ ಸಲ ಅರೆದ ಪುಡಿ. ಮೂಟೆಯ ತಳದ್ದು."

ಅವನು 'ತಳ' ಅಂದದ್ದೇ ತಡ, ಎಲೆಯಕ್ಕನ ಕೈಯಲ್ಲಿದ್ದ ಚಿಮುಟ ಮೇಜಿನ ಮೇಲೆ ಬಿತ್ತು.

ಆ ಮೂಟೆ ಬಂದ ದಿನ ಅವಳು ಮೇಲಿನ, ನಡುವಿನ ಇಡೀ ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ್ದಳು. ನರ ಸರಿ, ಅಂಚು ಸರಿ, ವಾಸನೆ ಸರಿ, ಪಾಸು. ಮಾದರಿ ಬಾಟಲಿ ಇಳಿದಿತ್ತು, ಅದೇ ವಾರ ತಪಾಸಣೆಯವರು ಬರುವವರಿದ್ದರು. ಬಾಟಲಿಗೆ ಬೇಕಾದದ್ದು ಚೂರು. ಇಡೀ ಎಲೆಯನ್ನು ಯಾಕೆ ಮುರಿಯುವುದೆಂದು ಅವಳು ಮೂಟೆಯ ತಳಕ್ಕೆ ಕೈ ಹಾಕಿ, ತಾನಾಗಿಯೇ ಪುಡಿಯಾಗಿ ಕೂತಿದ್ದ ಚೂರುಗಳನ್ನು ಬಾಚಿ ತುಂಬಿದ್ದಳು.

ಬೆಳಗ್ಗೆ ಅವಳು ಆ ಮೂಟೆಯ ತಳವನ್ನು ಆ ಮೂಟೆಯ ತಳಕ್ಕೇ ಹೋಲಿಸಿ ನೋಡಿದ್ದಳು.

"ಬಾಟಲಿಗೆ ಅದನ್ನೇ ತುಂಬಿದ್ದೀನಿ ಕಣೋ" ಅಂದಳು. "ಅದನ್ನೇ."

ಆಸಿಡ್ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

ಸಸ್ಯೋದ್ಯಾನದ ಮರದ ಎಲೆ ಇನ್ನೊಂದು ಕಡೆ ಉಳಿದಿತ್ತು. ನಿರ್ದೇಶಕರ ಕೋಣೆಯ ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ, ಒತ್ತಿ ಒಣಗಿಸಿ ದಪ್ಪ ಹಾಳೆಗೆ ಅಂಟಿಸಿದ ಒಂದು ಕೊಂಬೆ. ಅದಕ್ಕೆ ಯಾರೂ ಏನನ್ನೂ ತುಂಬುವಂತಿರಲಿಲ್ಲ. ಅದನ್ನು ಮುಟ್ಟುವಂತೆಯೂ ಇರಲಿಲ್ಲ.

ದೊಡ್ಡ ಸರ್ ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುತ್ತಿದ್ದರು. ಎಲೆಯಕ್ಕ ವಿಷಯ ಹೇಳಿ ಕೀಲಿಕೈ ಕೇಳಿದಳು.

"ಕೂತ್ಕೊಳಮ್ಮ ಮೊದಲು. ಬೆವರ್ತಿದ್ದೀಯ" ಅಂದರು. "ಆತುರಕ್ಕೆ ಬೀಳೋದು ಬೇಡ. ಸಂಜೆ ನಾಲ್ಕು ಜನ ಕೂತು ಮಾತಾಡೋಣ. ಬೆಳಗ್ಗೆ ಹೌದು ಅಂದ ಬಾಯಲ್ಲೇ ಮಧ್ಯಾಹ್ನ ಅಲ್ಲ ಅಂದ್ರೆ ನಮ್ಮ ಮಾತಿಗೆ ಯಾರು ಬೆಲೆ ಕೊಡ್ತಾರೆ?"

"ಸಂಜೆವರೆಗೆ ನಮ್ಮಣ್ಣ ಇರಲ್ಲ ಸರ್."

"ಹಾಗೆಲ್ಲ ಅಪಶಕುನ ನುಡೀಬಾರದು."

"ಕೀಲಿ ಕೊಡಿ ಸರ್. ಇಲ್ಲಾಂದ್ರೆ ಗಾಜು ಒಡೀತೀನಿ."

ದೊಡ್ಡ ಸರ್ ಅವಳ ಮುಖವನ್ನೇ ನೋಡಿದರು. ಆಮೇಲೆ ಡ್ರಾಯರಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಊಟದ ಡಬ್ಬಿಯ ಮುಚ್ಚಳ ಹಾಕಿದರು.

ಅವಳು ಕೊಂಬೆಯ ತುದಿಯ ಎಲೆಯಿಂದ ಉಗುರಿನಷ್ಟು ಕಿತ್ತಳು. ಅರೆದು, ಪಟ್ಟಿ ಮಾಡಿ, ಮೊದಲ ಮೂಲೆಯಿಂದ ಕೊನೆಯ ಮೂಲೆಯವರೆಗೆ ನೋಡಿದಳು. ಎಣ್ಣೆಯ ಕೋಶಗಳಿದ್ದವು. ಒಂದೇ ಒಂದು ಗುಂಡಿ ಇರಲಿಲ್ಲ.

ಹಾಗಾದರೆ ಆ ಗುಂಡಿಗಳು ಯಾರವು? ಉತ್ತರ ಅವಳಿಗೆ ಅಷ್ಟು ಹೊತ್ತಿಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ಬೆಳಗ್ಗೆಯೇ ಗೊತ್ತಾಗಬೇಕಿತ್ತು. ಉಸಿರಾಡುವ ರಂಧ್ರಗಳನ್ನು ಗುಂಡಿಯೊಳಗೆ ಬಚ್ಚಿಟ್ಟು ಅದರ ಬಾಯಿಗೆ ರೋಮದ ಕಾವಲಿಡುವ ಗಿಡ ಪ್ರತಿ ಊರಿನಲ್ಲೂ ಇದೆ. ಹೂ ಚೆಂದವೆಂದು, ದನ ಮೇಯುವುದಿಲ್ಲವೆಂದು ಬೇಲಿಗೂ ರಸ್ತೆಯ ನಡುವಿಗೂ ಅದನ್ನೇ ನೆಡುತ್ತಾರೆ. ಅವಳು ಗೇಟಿನಾಚೆ ಓಡಿ, ರಸ್ತೆ ನಡುವಿನ ಕಟ್ಟೆ ಹತ್ತಿ, ಕಣಗಿಲೆಯ ಒಂದು ಎಲೆ ಕಿತ್ತು ತಂದಳು. ಲಾರಿಯವನೊಬ್ಬ ಬ್ರೇಕು ಹಾಕಿ ಬೈದದ್ದು ಅವಳಿಗೆ ಕೇಳಿಸಲಿಲ್ಲ.

ಕಣಗಿಲೆ ಎಲೆಯ ಕೆಳಮೈಯನ್ನು ತೆಳುವಾಗಿ ಸೀಳಿ ಮಸೂರದ ಕೆಳಗಿಟ್ಟಳು. ಆಸಿಡ್ ಅವಳ ಭುಜದ ಹಿಂದೆ ನಿಂತಿದ್ದ.

"ನೋಡು" ಎಂದು ಜಾಗ ಬಿಟ್ಟಳು.

ಅವನು ಮೂರು ಪಟ್ಟಿಗಳನ್ನು ಒಂದಾದ ಮೇಲೊಂದು ನೋಡಿದ. ಕ್ಯಾಪ್ಸೂಲು, ಬಾಟಲಿ, ರಸ್ತೆಯ ಎಲೆ. "ಅಯ್ಯೋ ಅಕ್ಕಾ" ಅಂದ. ಅಷ್ಟೆ.

ಹತ್ತಿರದ ಫೋನು ದೊಡ್ಡ ಸರ್ ಕೋಣೆಯಲ್ಲಿತ್ತು. ಅವಳು ಕೇಳದೆ ಎತ್ತಿಕೊಂಡಳು. ಆಗ ಒಂದೂ ನಲವತ್ತು.

"ಕಣಗಿಲೆ ಡಾಕ್ಟ್ರೇ. ಬೇ ಎಲೆ ಜೊತೆ ಕಣಗಿಲೆ ಬೆರೆತಿದೆ. ಬೆಳಗ್ಗೆ ನಾನು ಹೇಳಿದ್ದು ತಪ್ಪು."

"ಈ ಸಲ ಖಂಡಿತಾನಾ?"

"ಮೂರು ಕಡೆಯಿಂದ ನೋಡಿದ್ದೀನಿ. ಅಲ್ಲಿಗೇ ಬಂದಿರೋ ಹಾಡಿನ ಟೀಚರ್ ಹೊಟ್ಟೆಯಲ್ಲೂ ಅದೇ ಇರತ್ತೆ, ಅವರೂ ಇದೇ ಕ್ಯಾಪ್ಸೂಲು ತಗೊಂಡವರು."

"ಔಷಧಿ ತರಿಸ್ತೀನಿ. ಒಬ್ಬರಿಗೇ ಸಾಕಾಗೋದು ಅದು, ನೆನಪಿದೆಯಲ್ಲ. ಬರಲಿ, ಆಮೇಲೆ ನೋಡೋಣ." ಡಾಕ್ಟರ್ ಫೋನ್ ಇಡುವ ಮುಂಚೆ ಇನ್ನೊಂದು ಮಾತು ಅಂದಳು: "ಮೂರು ಗಂಟೆ ಹೋಯ್ತು."

ದೊಡ್ಡ ಸರ್ ಕಿಟಕಿಯ ಕಡೆ ತಿರುಗಿ ಕೂತಿದ್ದರು. "ಬಾಟಲಿ ಇಳೀಬಾರದು ಅಂತ ಹೇಳ್ತಿದ್ದವನು ನಾನೇ" ಅಂದರು. ಇನ್ನೂ ಏನೋ ಹೇಳುವವರಿದ್ದರು. ಅವಳು ಕಾಯಲಿಲ್ಲ.

ಅವಳು ಆಸ್ಪತ್ರೆಗೆ ಹೋಗುವ ದಾರಿಯಲ್ಲಿದ್ದಾಗ ಆಸಿಡ್ ಆ ಮೂಟೆ ಕಳಿಸಿದ್ದ ಎಲೆ ಒಣಗಿಸುವವನಿಗೆ ಫೋನ್ ಹಚ್ಚಿದ. ಅವನು ಏನನ್ನೂ ಮುಚ್ಚಿಡಲಿಲ್ಲ, ಮುಚ್ಚಿಡಬೇಕಾದದ್ದಿದೆ ಎಂದೂ ಅವನಿಗೆ ಹೊಳೆದಿರಲಿಲ್ಲ. ಒಣಗಿಸುವ ಅಂಗಳದ ಅಂಚಿಗೆ ಕಣಗಿಲೆಯ ಬೇಲಿ. ಆ ವಾರ ಬೇಲಿ ಸವರಿದ್ದರು. ಸವರಿದ್ದು ಬಿಸಿಲಿಗೆ ಅಲ್ಲೇ ಒಣಗಿತ್ತು. ಮೂಟೆ ಕಟ್ಟುವಾಗ ತೂಕ ಸ್ವಲ್ಪ ಕಡಿಮೆ ಬೀಳುತ್ತದೆಂದು ಅಂಗಳ ಗುಡಿಸಿ ಉಳಿದ ಚೂರನ್ನು ಮೊದಲು ತಳಕ್ಕೆ ಹಾಕಿ, ಮೇಲೆ ಒಳ್ಳೆಯ ಎಲೆ ತುಂಬಿದ್ದರು. "ಎಲೆ ಜೊತೆ ಎಲೆ ಸ್ವಾಮಿ, ಮಣ್ಣೇನೂ ಹಾಕಿಲ್ಲ" ಅಂದ. ಆಸಿಡ್ ಅದನ್ನು ಕೂಡಲೇ ಎಲೆಯಕ್ಕನಿಗೆ ಫೋನಿನಲ್ಲಿ ತಿಳಿಸಿದ.

ವಾರ್ಡಿನಲ್ಲಿ ಅಣ್ಣನಿಗೆ ಎಚ್ಚರವಿತ್ತು. ಮೂಗಿಗೆ ಆಮ್ಲಜನಕದ ನಳಿಕೆ, ಎದೆಗೆ ತಂತಿಗಳು. ನಾಡಿ ಏರಿಸುವ ಚುಚ್ಚುಮದ್ದು ಒಂದಾದ ಮೇಲೊಂದು ಕೊಟ್ಟಿದ್ದರು. ಏರುತ್ತಿತ್ತು, ಇಳಿಯುತ್ತಿತ್ತು. ಅತ್ತಿಗೆ ಔಷಧಿಯಂಗಡಿಗೆ ಹೋಗಿದ್ದಳು.

"ಬಂದ್ಯಾ" ಅಂದ ಅಣ್ಣ. "ನಿನ್ನ ಕೋಟು ಹಳದಿನಾ?"

"ಬಿಳಿ, ಅಣ್ಣ."

"ಹಾಗಾದ್ರೆ ಸರಿ. ಗಿರಾಕಿಯದೇನೂ ತಪ್ಪಿಲ್ಲ." ಉಸಿರು ಎಳೆದುಕೊಂಡ. "ಆ ಶರ್ಟಿಗೆ ಕಾಲರ್ ಒಂದು ಬಾಕಿ. ನಾಳಿದ್ದು ಅವನ ಮದುವೆ. ಬೀಗದವನಿಗೆ ಹೇಳು, ಪಕ್ಕದ ಬೀದಿ ಹುಡುಗ ಇದ್ದಾನಲ್ಲ, ಅವನ ಕೈಗೆ ಕೊಡ್ಲಿ. ಅವನು ಕಾಲರ್ ಕೆಡಿಸ್ತಾನೆ. ಆದ್ರೂ ಕೊಡ್ಲಿ."

"ನೀನೇ ಹಾಕುವೆಯಂತೆ. ಔಷಧಿ ಬರ್ತಾ ಇದೆ."

"ಏನಂತೆ ನನಗೆ?"

ಅವಳು ಹೇಳಿದಳು. ಸುತ್ತಿ ಬಳಸದೆ, ಬೇಲಿಯಿಂದ ಬಾಟಲಿಯವರೆಗೆ, ಬಾಟಲಿಯಿಂದ ಫೋನಿನವರೆಗೆ. ಅವನು ಕಣ್ಣು ಮುಚ್ಚಿ ಕೇಳಿದ. ನಿದ್ದೆ ಹೋದನೇನೋ ಎಂದು ಅವಳು ಬಗ್ಗಿ ನೋಡಿದಳು.

"ಮೊಳಕೋಲೇ ಗಿಡ್ಡ ಇದ್ರೆ ಅಳತೆ ಹೇಗೆ ಸರಿ ಬರತ್ತೆ" ಅಂದ ಅಣ್ಣ. "ನಿಮ್ಮತ್ತಿಗೆಗೆ ನೀನೇ ಹೇಳು. ಬೇರೆಯವರ ಬಾಯಿಂದ ಕೇಳೋದು ಬೇಡ."

ನಾಲ್ಕು ಗಂಟೆಗೆ ಅವನ ನಾಡಿ ಮತ್ತೆ ಇಳಿಯಿತು. ಕುತ್ತಿಗೆಯ ರಕ್ತನಾಳದ ಮೂಲಕ ಬಡಿತ ನಡೆಸುವ ವಿದ್ಯುತ್ ತಂತಿಯನ್ನು ಹೃದಯಕ್ಕೆ ಇಳಿಸಲು ಒಳಗೆ ಕರೆದೊಯ್ದರು. ದೊಡ್ಡಾಸ್ಪತ್ರೆಯಿಂದ ಹೊರಟ ಕಾರು ಆಗ ಅರ್ಧ ದಾರಿಯಲ್ಲಿತ್ತು. ಅತ್ತಿಗೆ ಮತ್ತು ಎಲೆಯಕ್ಕ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಎದುರಿನ ಕೋಣೆಯ ಬಾಗಿಲು ತೆರೆದು ಮುಚ್ಚುವಾಗಲೆಲ್ಲ ಟೀಚರ ಕೆಮ್ಮು ಕೇಳಿಸುತ್ತಿತ್ತು. ಎಲೆಯಕ್ಕನ ಕಿವಿ ಕೆಳಗಿನ ರಸ್ತೆಯ ಮೇಲಿತ್ತು. ಯಾವ ಕಾರು ಗೇಟಿಗೆ ತಿರುಗಿದರೂ ಎದ್ದು ಹೋಗಿ ಇಣುಕಿ ಬರುತ್ತಿದ್ದಳು. ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅತ್ತಿಗೆಯೇ ಮಾತು ತೆಗೆದಳು: ಮನೆಯಲ್ಲಿ ಹಾಲು ಒಲೆಯ ಮೇಲೇ ಇದೆ, ಅಂಗಡಿಯ ಷಟರ್ ಯಾರು ಇಳಿಸಿದರೋ.

ನಾಲ್ಕೂ ಐವತ್ತಕ್ಕೆ ಡಾಕ್ಟರ್ ಹೊರಗೆ ಬಂದಳು. ಕೈಗವಸು ತೆಗೆದಿರಲಿಲ್ಲ. ತಂತಿ ಹೃದಯದವರೆಗೆ ಹೋಯಿತು, ಹೃದಯ ಅದರ ಮಾತು ಕೇಳಲಿಲ್ಲ ಎಂದು ಹೇಳಿದಳು.

ಅತ್ತಿಗೆ ಅಳಲಿಲ್ಲ. "ಔಷಧಿ ಬರತ್ತೆ ಅಂದ್ರಲ್ಲ" ಅಂದಳು. "ಇನ್ನೊಂದು ಗಂಟೆಗೆ ಬರತ್ತಂತಲ್ಲ."

"ತಡವಾಯ್ತಮ್ಮ."

"ಬೆಳಗ್ಗೆಯೇ ಯಾಕೆ ತರಿಸಲಿಲ್ಲ?"

ಡಾಕ್ಟರ್ ಉತ್ತರ ಕೊಡಲು ಹೊರಟಳು. ಎಲೆಯಕ್ಕ ನಡುವೆ ಬಾಯಿ ಹಾಕಿದಳು.

"ಬೇಡ ಅಂದವಳು ನಾನು ಅತ್ತಿಗೆ."

"ನೀನಾ?"

"ಕ್ಯಾಪ್ಸೂಲಲ್ಲಿ ಕಣಗಿಲೆ ಇತ್ತು. ಬೆಳಗ್ಗೆ ನೋಡಿದಾಗ ನನ್ನ ಕಣ್ಣಿಗೆ ಬಿತ್ತು. ಅದು ಬೇ ಎಲೆಯೇ ಅಂತ ಹೇಳ್ದೆ. ಹೋಲಿಸಿದ ಬಾಟಲಿಯಲ್ಲೂ ಕಣಗಿಲೆ ಇತ್ತು. ಅದನ್ನ ತುಂಬಿದವಳೂ ನಾನೇ."

ಅತ್ತಿಗೆ ಅವಳನ್ನೇ ನೋಡುತ್ತ ನಿಂತಳು. ಪರಿಚಯದವರ ಮುಖವನ್ನು ಗುಂಪಿನಲ್ಲಿ ಹುಡುಕುವಾಗ ನೋಡುತ್ತಾರಲ್ಲ, ಹಾಗೆ.

"ಕಣ್ಣಿಗೆ ಬಿತ್ತು" ಅಂದಳು.

"ಹೌದು."

"ಬಿದ್ದ ಮೇಲೂ."

"ಹೌದು ಅತ್ತಿಗೆ."

"ಊರವರ ಎಲೆಯನ್ನೆಲ್ಲ ನೋಡ್ತೀಯಲ್ಲೇ ನೀನು. ಎಲೆಯಕ್ಕ ಅಂತಾರಲ್ಲೇ ನಿನ್ನ." ಅವಳ ದನಿ ಏರಲಿಲ್ಲ. "ದಿನಾ ಬೆಳಗ್ಗೆ ಎರಡು, ಸಂಜೆ ಎರಡು, ನಾನೇ ನೀರು ಹಿಡ್ಕೊಂಡು ನಿಂತು ನುಂಗಿಸ್ತಿದ್ದೆ. ಬೇಡ ಅಂತ ಮುಖ ಸಿಂಡರಿಸಿದ್ರೆ, ತಂಗಿ ಕೊಟ್ಟಿದ್ದು, ಸುಮ್ನೆ ನುಂಗಿ ಅಂತಿದ್ದೆ."

ಎಲೆಯಕ್ಕ ಕೈ ಚಾಚಿದಳು. ಅತ್ತಿಗೆ ಆ ಕೈಯನ್ನು ದೂಡಲಿಲ್ಲ, ಹಿಡಿಯಲೂ ಇಲ್ಲ. ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತಳು.

ಡಾಕ್ಟರ್ ಕಾರಿಡಾರಿನ ಕೊನೆಯವರೆಗೆ ಹೋಗಿ ತಿರುಗಿ ಬಂದಳು. ಎಲೆಯಕ್ಕ ಕೇಳಬೇಕೆಂದಿದ್ದದ್ದನ್ನು ಕೇಳಿದಳು: ಹತ್ತೂವರೆಗೆ ಸರಿಯಾಗಿ ಹೇಳಿದ್ದರೆ?

"ಎರಡೂವರೆ, ಮೂರಕ್ಕೆ ಔಷಧಿ ಇಲ್ಲಿರ್ತಿತ್ತು" ಅಂದಳು ಡಾಕ್ಟರ್. "ಆಗ ಅವರು ಮಾತಾಡ್ತಿದ್ರು. ಬದುಕ್ತಿದ್ರು ಅಂತ ನಾನು ಹೇಳಲ್ಲ. ಬದುಕ್ತಿರಲಿಲ್ಲ ಅಂತಲೂ ಹೇಳಲ್ಲ." ಕೈಗವಸು ತೆಗೆಯುತ್ತ, "ನನಗೂ ಗುಮಾನಿ ಇತ್ತು. ನಿಮ್ಮ ಮಾತು ಕೇಳಿ ಬಿಟ್ಟೆ" ಅಂದಳು.

ಕಾರು ಬಂದದ್ದು ಆರು ಗಂಟೆಗೆ. ಐಸಿನ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದ ಚಾಲಕ, "ದರ್ಜಿ ಯಾರು, ಯಾವ ಮಂಚ?" ಎಂದು ಕೇಳಿದ. ನರ್ಸು ಅವನನ್ನು ಟೀಚರ ಕೋಣೆಗೆ ಕರೆದುಕೊಂಡು ಹೋದಳು. ಮರುದಿನ ಬೆಳಗ್ಗೆ ಟೀಚರ ನಾಡಿ ಅರವತ್ತಕ್ಕೆ ಬಂದಿತ್ತು.

ಉಳಿದ ಮೂವತ್ತೆಂಟು ಜನರಿಗೂ ಆಸಿಡ್ ಫೋನ್ ಮಾಡಿ ಮುಗಿಸಿದ್ದ. ಮೂವರಿಗೆ ವಾಂತಿಯಿತ್ತು, ಆಸ್ಪತ್ರೆಗೆ ಸೇರಿದರು, ಬದುಕಿಕೊಂಡರು. ಪೊಲೀಸರು ಮಂಗಳವಾರ ಬೇ ಎಲೆಯ ಬಾಟಲಿಯನ್ನು ಒಯ್ದರು. ದೊಡ್ಡ ಸರ್ ಅದೇ ದಿನ ಮಿಕ್ಕ ಬಾಟಲಿಗಳನ್ನೂ ಇಳಿಸಿ, ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಲು ಬೇರೆ ಊರಿನ ಪ್ರಯೋಗಾಲಯಕ್ಕೆ ಬರೆದರು.

ಮಂಗಳವಾರ ಮಧ್ಯಾಹ್ನ ಶವಪರೀಕ್ಷೆ ಮುಗಿಸಿ ದೇಹ ಕೊಟ್ಟರು. ಆಸ್ಪತ್ರೆಯ ವ್ಯಾನಿನಲ್ಲಿ ಮನೆಯವರು ಐದು ಜನ ಕೂರಬಹುದಿತ್ತು. ಅತ್ತಿಗೆ ತನ್ನ ಇಬ್ಬರು ತಮ್ಮಂದಿರನ್ನೂ ಬೀಗ ರಿಪೇರಿಯವನನ್ನೂ ಕರೆದು ಹತ್ತಿಸಿಕೊಂಡು, ತಾನೂ ಹತ್ತಿ, ಬಾಗಿಲು ಎಳೆದುಕೊಂಡಳು. ಎಲೆಯಕ್ಕ ಬಸ್ಸಿನಲ್ಲಿ ಹೋದಳು.